ಹಸಿರು ಮಖಮಲ್ಲಿನ ಕೆಳಗಿನ ಕೆಂಪು

ಆ ಚಿತ್ರವನ್ನು ಅಂಕಲ್, ಆಂಟಿ ಕೊಂಡದ್ದು ಚೌಕಟ್ಟಿನ ಆಸೆಗೆ. ಸ್ಯಾನ್ ಡಿಯೇಗೊ ಪಕ್ಕದ ಲಾ ಹೋಯಾದಲ್ಲಿ ಯಾರೋ ತೀರಿಕೊಂಡು, ಅವರ ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಮಾರುತ್ತಿದ್ದಾಗ ಆಂಟಿಯ ಕಣ್ಣು ಚಿನ್ನದ ರೇಕಿನ ಅಗಲವಾದ ಆ ಚೌಕಟ್ಟಿನ ಮೇಲೆ ಬಿದ್ದಿತ್ತು. ಮೈಸೂರಿನಿಂದ ತಂದಿದ್ದ ಕೃಷ್ಣನ ಪಟಕ್ಕೆ ಅದು ಹೇಳಿ ಮಾಡಿಸಿದಂತಿತ್ತಂತೆ. ಮನೆಗೆ ತಂದ ಮೇಲೆ ಒಳಗಿದ್ದ ಹೆಂಗಸನ್ನು ಆಚೆ ಹಾಕಲು ಮನಸ್ಸು ಬರಲಿಲ್ಲ. ಹಾಗಾಗಿ ಕೃಷ್ಣ ಇವತ್ತಿಗೂ ಅಂಗಡಿಯ ಸಾದಾ ಚೌಕಟ್ಟಿನಲ್ಲಿದ್ದಾನೆ, ರಷ್ಯದ ಚಕ್ರವರ್ತಿಯ ಆಸ್ಥಾನದ ಯಾರೋ ಹೆಣ್ಣುಮಗಳು ಡೈನಿಂಗ್ ಟೇಬಲ್ಲಿನ ಎದುರು ಚಿನ್ನದ ನಡುವೆ ಉಳಿದುಕೊಂಡಳು.

ಅಂಕಲ್ ನಿವೃತ್ತ ರೇಡಿಯಾಲಜಿಸ್ಟ್. ಆಂಟಿ ಸಮುದ್ರ ಸಂಶೋಧನೆಯ ಲ್ಯಾಬೊಂದರಲ್ಲಿ ಕೆಲಸ ಮಾಡಿ ಅದರ ಮುಖ್ಯಸ್ಥೆಯಾಗಿ ನಿವೃತ್ತರಾದವರು. ನನಗೆ ಅವರು ನೆಂಟರಲ್ಲ. ಯುಗಾದಿಯ ಊಟದಲ್ಲಿ ಯಾರೋ ನನ್ನನ್ನು "ಈಕೆ ಪೇಂಟಿಂಗ್ ಡಾಕ್ಟರ್" ಎಂದು ಪರಿಚಯಿಸಿದರು. ಡಾಕ್ಟರ್ ಎಂದಕೂಡಲೇ ಅಂಕಲ್ ಯಾವ ಮೆಡಿಕಲ್ ಕಾಲೇಜು ಎಂದು ಕೇಳಿದ್ದರು. ನಾನು ಹಳೆಯ ತೈಲಚಿತ್ರಗಳ ಕೊಳೆ ತೆಗೆದು, ಬಿರುಕು ಮುಚ್ಚಿ, ಉದುರುವ ಬಣ್ಣವನ್ನು ಮತ್ತೆ ಅಂಟಿಸುವವಳು. ಸ್ಯಾನ್ ಡಿಯೇಗೊದಲ್ಲಿ ಕಾರ್ ರಿಪೇರಿ ಅಂಗಡಿಗಳ ಸಾಲಿನಲ್ಲಿ ನನ್ನ ಸ್ಟುಡಿಯೋ ಇದೆ. ಪಕ್ಕದವನು ಕಾರಿಗೆ ಪೇಂಟ್ ಹೊಡೆಯುತ್ತಾನೆ, ನಾನು ಪೇಂಟ್ ಕೆರೆಯುತ್ತೇನೆ.

ಕೋವಿಡ್ಡಿನ ಮಾಸ್ಕುಗಳು ಇನ್ನೂ ಪೂರ್ತಿ ಕಳಚಿರದ ಕಾಲ ಅದು. ಲಾಸ್ ಏಂಜಲೀಸಿನ ಒಂದು ಮ್ಯೂಸಿಯಂ ಯುರೋಪಿನ ಆಸ್ಥಾನದ ಉಡುಪುಗಳ ಪ್ರದರ್ಶನವೊಂದನ್ನು ಸಿದ್ಧಪಡಿಸುತ್ತಿತ್ತು. ಹೊರದೇಶದಿಂದ ಚಿತ್ರ ತರಿಸುವುದು ಆಗ ಕಷ್ಟವಾದ್ದರಿಂದ ಅಲ್ಲಿನ ಕ್ಯುರೇಟರ್, ಉಡುಪಿನ ಇತಿಹಾಸವನ್ನೇ ಓದಿಕೊಂಡ ಹೆಂಗಸು, ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಏನಾದರೂ ಇದೆಯೇ ಎಂದು ನಮ್ಮಂಥವರನ್ನೆಲ್ಲ ವಿಚಾರಿಸುತ್ತಿದ್ದರು. ಆಂಟಿಯ ಊಟದ ಮನೆಯಲ್ಲಿ ನೋಡಿದ್ದ ಚಿತ್ರದ ಫೋಟೋ ಕಳಿಸಿದೆ. ಶುಚಿ ಮಾಡಿಕೊಟ್ಟರೆ ತೆಗೆದುಕೊಳ್ಳುತ್ತೇವೆ ಎಂಬ ಉತ್ತರ ಬಂತು.

ಈಸಲ್ ಮೇಲೆ ನಿಲ್ಲಿಸಿದಾಗ ಕಂಡದ್ದು ಇಷ್ಟು. ಇಪ್ಪತ್ತು ದಾಟಿರದ ಹುಡುಗಿ. ತಲೆಯ ಮೇಲೆ ಅರ್ಧಚಂದ್ರದಂತೆ ಎದ್ದ ಮುತ್ತಿನ ಮುಡಿ, ಅದರ ಹಿಂದೆ ಬಿಳಿ ಮುಸುಕು. ಬಿಳಿ ಸ್ಯಾಟಿನ್ನಿನ ಲಂಗ. ಅದರ ಮೇಲೆ ಮುಂದೆ ತೆರೆದುಕೊಂಡ, ಹಿಂದೆ ನೆಲದ ಮೇಲೆ ಉದ್ದಕ್ಕೆ ಹರಡುವ ಮಖಮಲ್ಲಿನ ಮೇಲುಡುಗೆ. ಅದರ ತೋಳುಗಳನ್ನು ಮುಂಭಾಗದಲ್ಲಿ ಸೀಳಿ, ಕೈ ಹೊರಗೆ ಬರುವಂತೆ ಮಾಡಿ, ಉಳಿದ ಬಟ್ಟೆಯನ್ನು ಮಂಡಿಯ ತನಕ ಇಳಿಬಿಟ್ಟಿದ್ದರು. ಅಂಚಿಗೆಲ್ಲ ಚಿನ್ನದ ಕಸೂತಿ. ಎದೆಯ ಎಡಕ್ಕೆ ವಜ್ರದ ಸುತ್ತಿನಲ್ಲಿ ಮಹಾರಾಣಿಯ ಪುಟ್ಟ ಭಾವಚಿತ್ರದ ಒಂದು ಬಿಲ್ಲೆ. ಮಖಮಲ್ಲು ಹಸಿರು ಎಂದು ಆಂಟಿ ಹೇಳಿದ್ದರು. ನನಗೆ ಕಂಡದ್ದು ಸುಟ್ಟ ಬದನೆಕಾಯಿಯ ಸಿಪ್ಪೆಯ ಬಣ್ಣ. ಮೇಲಿನ ವಾರ್ನಿಷ್ ಅಷ್ಟು ಕಂದಿತ್ತು.

ವಾರ್ನಿಷ್ ತೆಗೆಯುವುದಕ್ಕೆ ಮೊದಲು ಪರೀಕ್ಷೆ ಮಾಡಬೇಕು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ದ್ರಾವಕದಲ್ಲಿ ಅದ್ದಿ, ಕಾಣದ ಮೂಲೆಯಲ್ಲಿ ಬೆರಳಗಲ ಉರುಳಿಸಿ ನೋಡುತ್ತೇವೆ. ಹತ್ತಿಗೆ ಕಂದು ಬಂದರೆ ವಾರ್ನಿಷ್, ಬಣ್ಣ ಬಂದರೆ ಅಪಾಯ. ಕಂದು ಬಂತು, ಕೆಳಗೆ ಹಸಿರು ಎದ್ದಿತು. ಇಳಿಬಿದ್ದ ತೋಳಿನ ಬಳಿ ಆ ಹಸಿರಿನಲ್ಲಿ ಕೂದಲೆಳೆಯಂಥ ಬಿರುಕು, ಬಿರುಕಿನೊಳಗೆ ಕೆಂಪು. ಸೂಕ್ಷ್ಮದರ್ಶಕ ಎಳೆದುಕೊಂಡು ಹರಿತವಾದ ಅಲಗಿನಿಂದ ಹಸಿರಿನ ಒಂದು ಚಕ್ಕೆಯನ್ನು ಎಬ್ಬಿಸಿದೆ. ಕೆಳಗೆ ಬರೀ ಕೆಂಪಲ್ಲ, ಕಿರಮಂಜಿ. ನೆರಳಿನಲ್ಲಿ ದ್ರಾಕ್ಷಿಯಷ್ಟು ಗಾಢ, ಬೆಳಕು ಬಿದ್ದಲ್ಲಿ ಉರಿ. ಅಂಚೆಚೀಟಿಯಷ್ಟು ಜಾಗವನ್ನು ತೆರೆದೆ. ನಮ್ಮ ಕೆಲಸದಲ್ಲಿ ಇದಕ್ಕೆ ಕಿಟಕಿ ಎನ್ನುತ್ತಾರೆ.

ಹಳೆಯ ಚಿತ್ರಗಳಿಗೆ ವ್ಯಾಪಾರಿಗಳು ಬಣ್ಣ ಬಳಿಯುವುದು ಹೊಸದಲ್ಲ. ಮುದುಕಿಯನ್ನು ಹುಡುಗಿ ಮಾಡುತ್ತಾರೆ, ಕಪ್ಪು ಉಡುಪನ್ನು ನೀಲಿ ಮಾಡುತ್ತಾರೆ. ಇದೂ ಅಂಥದ್ದೇ ಎಂದುಕೊಂಡು ಅವತ್ತೇ ಆಂಟಿಗೆ ಫೋನ್ ಮಾಡಿಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ಫೋನು ಅಂಕಲ್ ಕೈಗೆ ಹೋಯಿತು.

"ಕೆಂಪಾ? ಪೂರ್ತಿ ಕೆಂಪಾ?"

"ಹೌದು ಅಂಕಲ್. ಮೇಲಿನ ಹಸಿರನ್ನ ತೆಗೀಬಹುದು."

"ತೆಗಿ, ತೆಗಿ. ನೋಡು, ನಂಗೆ ಹಸಿರು, ಕಪ್ಪು, ಕಂದು ಎಲ್ಲಾ ಒಂದೇ ಆಗ್ಬಿಟ್ಟಿದೆ. ಕೆಂಪು ಇನ್ನೂ ಕಾಣತ್ತೆ. ಸ್ಟಾಪ್ ಸೈನ್ ಚೆನ್ನಾಗೇ ಕಾಣತ್ತೆ. ಆದ್ರೂ ಇವಳು ಕಾರ್ ಕೀ ಕಿತ್ಕೊಂಡಿದ್ದಾಳೆ."

ಅವರ ಕಣ್ಣಿನ ವಿಷಯ ನನಗೆ ತಿಳಿದದ್ದು ಆಗಲೇ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಾ ಬರುವ ಕಾಯಿಲೆ. ನೇರ ನೋಡಿದ್ದು ಮಸುಕು, ಓರೆಯಲ್ಲಿ ಸಿಕ್ಕಿದ್ದಷ್ಟೇ ದಕ್ಕಿದ್ದು. ಇಂಜೆಕ್ಷನ್ ಕೊಡುತ್ತಿದ್ದರು, ಅದು ಕಾಯಿಲೆಯನ್ನು ನಿಧಾನ ಮಾಡುತ್ತಿತ್ತೇ ಹೊರತು ನಿಲ್ಲಿಸುತ್ತಿರಲಿಲ್ಲ. ದಿನಾ ಊಟದ ಹೊತ್ತಿಗೆ ಎದುರಿನ ಚೌಕಟ್ಟಿನಲ್ಲಿ ಕಾಣುತ್ತಿದ್ದವಳನ್ನು ಇನ್ನೊಮ್ಮೆ ಕಣ್ತುಂಬ ನೋಡಬೇಕೆಂಬ ಆಸೆ ಅವರಿಗೆ. ಆ ಆಸೆಗೆ ನಾನು ನೀರೆರೆದಿದ್ದೆ.

ಕಿಟಕಿಯ ಫೋಟೋ ನೋಡಿ ಕ್ಯುರೇಟರ್ ಕೂಡ ಕುಣಿದಾಡಿದರು. ಪೂರ್ತಿ ಕೆಂಪಾದರೆ ಪ್ರದರ್ಶನದ ಪೋಸ್ಟರಿಗೆ ಇದೇ ಚಿತ್ರ ಎಂದರು.

ಅಂಥ ಕೆಲಸ ನನ್ನ ಕೈಗೆ ಅದುವರೆಗೆ ಬಂದಿರಲಿಲ್ಲ. ಮಾರನೆಯ ದಿನವೇ ಕಿಟಕಿಯನ್ನು ಹಿಗ್ಗಿಸಲು ಕೂತೆ. ಹಸಿರು ಕರಗುವ ದ್ರಾವಕ ಹುಡುಕಿ, ಹತ್ತಿ ಉರುಳಿಸಿದೆ. ಹತ್ತಿಗೆ ಹಸಿರು ಬಂತು. ಇನ್ನೊಮ್ಮೆ ಉರುಳಿಸಿದಾಗ ಅದರ ತುದಿಯಲ್ಲಿ ತಿಳಿ ಗುಲಾಬಿ. ಕೈ ಹಿಂದಕ್ಕೆಳೆದುಕೊಂಡೆ. ಮಖಮಲ್ಲಿಗೆ ಆ ಆಳ ಕೊಟ್ಟದ್ದು ಕೆಂಪಿನ ಮೇಲೆ ತೆಳ್ಳಗೆ ಹರಡಿದ್ದ ಪಾರದರ್ಶಕ ಲೇಪ. ಹಸಿರು ಕರಗಿಸುವ ದ್ರಾವಕ ಅದನ್ನೂ ಕರಗಿಸುತ್ತಿತ್ತು. ಅದು ಹೋದರೆ ಉಳಿಯುವುದು ಇಟ್ಟಿಗೆಯ ಬಣ್ಣ. ಸರಿ, ದ್ರಾವಕ ಬೇಡ, ಸೂಕ್ಷ್ಮದರ್ಶಕದ ಕೆಳಗೆ ಅಲಗಿನಲ್ಲೇ ಕೆರೆಯುವುದು ಎಂದುಕೊಂಡೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೆ ಆಗದ ಕೆಲಸವೇನಲ್ಲ.

ಹಾಗೆ ಕೆರೆಯುತ್ತಾ ಇಂಚಿಂಚು ನೋಡಿದ್ದರಿಂದಲೇ ಅನುಮಾನ ಹುಟ್ಟಿತು. ಹಸಿರು ಬಳಿದವನು ಚಿನ್ನದ ಕಸೂತಿಯನ್ನು ಮುಟ್ಟಿರಲಿಲ್ಲ. ಒಂದೊಂದು ಎಲೆ, ಒಂದೊಂದು ಬಳ್ಳಿಯ ಸುತ್ತ ಕುಂಚವನ್ನು ತಿರುಗಿಸಿ, ಚಿನ್ನವನ್ನು ಹಾಗೇ ಉಳಿಸಿಕೊಂಡಿದ್ದ. ಮಡಿಕೆಗಳ ಮೇಲಿನ ಬೆಳಕನ್ನು ಕೆಳಗಿನ ಕೆಂಪಿನವನು ಹಾಕಿದ ರೀತಿಯಲ್ಲೇ, ತುದಿಯಲ್ಲಿ ಸಣ್ಣ ಕೊಕ್ಕೆ ಹೊಡೆದು ಹಾಕಿದ್ದ. ಸಾಸಿವೆಗಿಂತ ಸಣ್ಣ ಚೂರೊಂದನ್ನು ತೆಗೆದು, ಅಡ್ಡಸೀಳಿ ನೋಡಿದೆ. ಕೆಂಪು, ಅದರ ಮೇಲೆ ತೆಳು ವಾರ್ನಿಷ್, ಅದರ ಮೇಲೆ ಕಂಡೂ ಕಾಣದಷ್ಟು ಧೂಳು, ಆಮೇಲೆ ಹಸಿರು. ಅಂದರೆ ಹಸಿರು ಬಳಿಯುವಾಗ ಚಿತ್ರ ಮುಗಿದು ಬಹಳ ಕಾಲವೇನೂ ಆಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕಿರಮಂಜಿ ಮಖಮಲ್ಲನ್ನು ಮುಚ್ಚಿ ಹಸಿರು ಬಳಿಯುವ ವ್ಯಾಪಾರಿಗೆ ತಲೆ ಕೆಟ್ಟಿರಬೇಕು. ಮಾರಾಟವಾಗುವುದು ಕೆಂಪೇ. ಈ ಮಾತು ಮೊದಲ ದಿನವೇ ನನಗೆ ಹೊಳೆಯಬೇಕಿತ್ತು.

ಎಕ್ಸ್‌ರೇ ತೆಗೆಸಿದೆ. ಬಿಳಿ ಬಣ್ಣದಲ್ಲಿ ಸೀಸ ಇರುವುದರಿಂದ ಅದು ಮೂಳೆಯಂತೆಯೇ ಬೆಳ್ಳಗೆ ಕಾಣುತ್ತದೆ. ವಿಷಯ ಕೇಳಿದ್ದೇ ತಡ, ಅಂಕಲ್ ಆಂಟಿಯಿಂದ ಡ್ರೈವ್ ಮಾಡಿಸಿಕೊಂಡು ಬಂದೇಬಿಟ್ಟರು. ಎಷ್ಟೋ ವರ್ಷದ ಮೇಲೆ ಓದಲು ಒಂದು ಫಿಲಂ ಸಿಕ್ಕಿತ್ತು. ದೊಡ್ಡ ಮಾನಿಟರಿನ ಮುಂದೆ ಕುರ್ಚಿಯನ್ನು ಅಡ್ಡಕ್ಕೆ ತಿರುಗಿಸಿ, ತಲೆ ಓರೆ ಮಾಡಿ, ಒಂದೊಂದೇ ಮೂಲೆಯನ್ನು ಕಣ್ಣಂಚಿಗೆ ಹಿಡಿದರು.

"ಕಾಂಟ್ರಾಸ್ಟ್ ಜಾಸ್ತಿ ಮಾಡು. ಇನ್ನೂ. ಹಾಂ, ನಿಲ್ಲು. ಎದೆ ಮೇಲೆ ಆ ಬಿಲ್ಲೆ ಇದ್ಯಲ್ಲ, ಅದರ ಕೆಳಗೆ ಇನ್ನೊಂದು ಶ್ಯಾಡೋ ಇದೆ. ರಿಬ್ಬನ್ ಥರ, ಬೋ ಕಟ್ಟಿದ ಹಾಗೆ. ಅದಕ್ಕೆ ಏನೋ ಅಕ್ಷರ ನೇತು ಹಾಕಿದ್ದಾರೆ."

ನಾನು ಎರಡು ದಿನ ನೋಡಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಂಟಿ ಹೆಮ್ಮೆಯಿಂದ, "ಮನೇಲಿ ಮೊಸರಿನ ಪಾತ್ರೆ ಕಾಣಲ್ಲ ಇವರಿಗೆ" ಎಂದರು.

ಆ ಎಕ್ಸ್‌ರೇಯನ್ನು ಕ್ಯುರೇಟರಿಗೆ ಕಳಿಸಿದೆ. ಅವರು ವಿಡಿಯೋ ಕಾಲ್ ಮಾಡಿ ಬಿಡಿಸಿ ಹೇಳಿದರು. ರಷ್ಯದ ಆಸ್ಥಾನದಲ್ಲಿ ಹೆಂಗಸರ ಉಡುಪಿನ ಬಣ್ಣ ಅವರವರ ಇಷ್ಟಕ್ಕೆ ಬಿಟ್ಟದ್ದಲ್ಲ, ಹುದ್ದೆಗೆ ತಕ್ಕಂತೆ ಗೊತ್ತುಮಾಡಿದ್ದು. ಮಹಾರಾಣಿಯ ಸೇವೆಗೆ ಸೇರಿದ ಎಳೆಯ ಸಖಿಯರಿಗೆ ಕಿರಮಂಜಿ ಮಖಮಲ್ಲು. ಅವರ ಎದೆಗೆ ನೀಲಿ ರಿಬ್ಬನ್ನಿನಲ್ಲಿ ಮಹಾರಾಣಿಯ ಹೆಸರಿನ ವಜ್ರದ ಅಕ್ಷರ. ಹಸಿರು ಮಖಮಲ್ಲು ಹಿರಿಯ ಪದವಿಯ ಹೆಂಗಸರದು. ಮಹಾರಾಣಿಯ ಭಾವಚಿತ್ರದ ಬಿಲ್ಲೆಯಂತೂ ಅವರಲ್ಲೂ ಕೆಲವರಿಗಷ್ಟೇ ಸಿಗುತ್ತಿದ್ದ ಗೌರವ. ಹುಡುಗಿಯಾಗಿದ್ದಾಗ ಬರೆಸಿದ ಚಿತ್ರವನ್ನು, ಬಡ್ತಿ ಸಿಕ್ಕಮೇಲೆ, ಬಹುಶಃ ಅದೇ ಚಿತ್ರಕಾರನ ಕೈಯಿಂದ ಆಕೆ ತಿದ್ದಿಸಿಕೊಂಡಿದ್ದಳು. ಅಂದರೆ ಹಸಿರು ಸುಳ್ಳಲ್ಲ. ಅದನ್ನು ಸಾಬೀತು ಮಾಡಿದ ಗುರುತನ್ನು ಹುಡುಕಿಕೊಟ್ಟವರು, ಕೆಂಪಿಗಾಗಿ ಕಾದು ಕೂತಿದ್ದ ಅಂಕಲ್ಲೇ.

ಆದರೂ ಕ್ಯುರೇಟರ್ ಕೆಂಪೇ ಬೇಕೆಂದರು. ಅವರ ವಾದ ತೆಗೆದುಹಾಕುವಂಥದ್ದಲ್ಲ. ಆ ಹುಡುಗಿ ಚಿತ್ರಕಾರನ ಎದುರು ಉಸಿರು ಬಿಗಿಹಿಡಿದು ನಿಂತದ್ದು ಕೆಂಪಿನಲ್ಲಿ. ಅವನ ಕಣ್ಣು ಕಂಡದ್ದು ಕೆಂಪು. ಹಸಿರು ಬರೆದಾಗ ಆಕೆ ಎದುರಿಗೆ ಇದ್ದಳೋ ಇಲ್ಲವೋ. ಪದವಿಗಾಗಿ ಮಾಡಿದ ತೇಪೆಗಾಗಿ ಒಳ್ಳೆಯ ಚಿತ್ರವನ್ನು ಮುಚ್ಚಿಡಬೇಕೇ? ನಿಜ ಹೇಳಬೇಕೆಂದರೆ ನನಗೂ ಕೆಂಪೇ ಬೇಕಿತ್ತು. ಆ ಕಿಟಕಿಯ ಮುಂದೆ ಕೂತಾಗಲೆಲ್ಲ ಬಾಯಲ್ಲಿ ನೀರೂರುತ್ತಿತ್ತು. ಆದರೆ ಹಸಿರನ್ನು ಕೆರೆದರೆ ಅದು ಪುಡಿ. ಪುಡಿಯನ್ನು ಮತ್ತೆ ಮಖಮಲ್ಲು ಮಾಡಲಾಗದು.

ಒಂದು ವಾರ ಅಲಗು ಮುಟ್ಟಲಿಲ್ಲ. ಚೌಕಟ್ಟಿನ ಉದುರಿದ ಹೂಗಳನ್ನು ಅಂಟಿಸಿದೆ, ಕ್ಯಾನ್ವಾಸಿನ ಹಿಂಭಾಗದ ಧೂಳು ಹೊಡೆದೆ, ಬ್ರಷ್‌ಗಳನ್ನು ತೊಳೆದೆ, ತೊಳೆದವನ್ನೇ ಮತ್ತೆ ತೊಳೆದೆ. ಆ ವಾರದ ಕೊನೆಗೆ ಆಂಟಿ ಒಬ್ಬರೇ ಡಬ್ಬಿಯಲ್ಲಿ ಬಿಸಿಬೇಳೆಬಾತ್ ಹಿಡಿದು ಬಂದರು. ಚಿತ್ರದ ಮುಂದೆ ಸ್ಟೂಲ್ ಎಳೆದುಕೊಂಡು ಕೂತರು. ನಾನು ಕ್ಯುರೇಟರ್ ಹೇಳಿದ್ದನ್ನೆಲ್ಲ ಒಪ್ಪಿಸಿದೆ.

"ಮುಖ ಮಾತ್ರ ತಿದ್ದಿಸಿಲ್ವಾ ಅವಳು?"

"ಇಲ್ಲ ಆಂಟಿ. ಮುಖದಲ್ಲಿ ಒಂದು ಗೆರೆನೂ ಸೇರ್ಸಿಲ್ಲ."

"ಜಾಣೆ. ಪ್ರಮೋಷನ್ ತಗೊಂಡಿದ್ದಾಳೆ, ವಯಸ್ಸು ತಗೊಂಡಿಲ್ಲ." ನಗುತ್ತಲೇ ಸ್ಟೂಲನ್ನು ಚಿತ್ರದ ಹತ್ತಿರಕ್ಕೆ ಜರುಗಿಸಿದರು. "ನಾನು ಲ್ಯಾಬ್ ಸೇರಿದಾಗ ಟ್ಯೂಬ್ ತೊಳೆಯೋ ಕೆಲಸ ಕಣೇ. ಎಮ್ಮೆಸ್ಸಿ ಮಾಡ್ಕೊಂಡು ಬಂದು ಟ್ಯೂಬ್ ತೊಳೀತಿದ್ದೆ. ನನ್ನ ಹೆಸರು ಹೇಳೋಕೂ ಬರ್ತಿರ್ಲಿಲ್ಲ ಅವರಿಗೆ. ಆಮೇಲೆ ಅದೇ ಲ್ಯಾಬ್ ನಡೆಸ್ದೆ. ನಾಳೆ ಯಾರೋ ಬಂದು, ಮೇಡಂ, ನೀವು ಟ್ಯೂಬ್ ತೊಳೀತಿದ್ದಾಗ್ಲೇ ಫೋಟೋದಲ್ಲಿ ಚೆನ್ನಾಗಿ ಕಾಣ್ತಿದ್ರಿ, ಅದನ್ನೇ ಇಟ್ಕೋತೀವಿ ಅಂದ್ರೆ ಹೇಗಿರತ್ತೆ?"

ಆ ಸ್ಟೂಲಿನ ಪಕ್ಕ ನಿಂತೇ ನಾನು ತೀರ್ಮಾನ ಮಾಡಿದೆ. ಹಸಿರು ಇರಲಿ. ಅದರ ಮೇಲಿನ ಕೊಳೆ ಮಾತ್ರ ತೆಗೆಯುವುದು.

"ಅಂಕಲ್‌ಗೆ ನೀವೇ ಹೇಳ್ತೀರಾ?"

"ನಾನ್ಯಾಕೆ ಹೇಳಲಿ? ಕೆಂಪು ಕೊಡ್ತೀನಿ ಅಂದಿದ್ದು ನೀನು. ಬಾ ಮನೆಗೆ."

ಹೋದೆ. ಊಟದ ಮನೆಯ ಗೋಡೆಯ ಮೇಲೆ ಚಿತ್ರವಿದ್ದ ಜಾಗ ಬಿಳಿಯ ಚೌಕವಾಗಿ ಉಳಿದಿತ್ತು. ಅಂಕಲ್ ಪೂರ್ತಿ ಕೇಳಿಸಿಕೊಂಡರು. ಅವರು ಮೆತ್ತಗೆ ಮಾತಾಡುವ ಮನುಷ್ಯ, ಅವತ್ತು ದನಿ ಏರಿತು.

"ಅವಳು ಸತ್ತು ನೂರು ವರ್ಷದ ಮೇಲಾಗಿರಬಹುದು. ಪ್ರಮೋಷನ್ ಕಟ್ಕೊಂಡು ಅವಳಿಗೇನು? ನಾನು ಬದುಕಿದ್ದೀನಲ್ಲ! ನಂಗೆ ಇನ್ನೆಷ್ಟು ದಿನ ಕಾಣತ್ತೆ ಅಂತ ಗೊತ್ತಾ ನಿಂಗೆ?"

"ಗೊತ್ತಿಲ್ಲ ಅಂಕಲ್."

"ನಂಗೂ ಗೊತ್ತಿಲ್ಲ. ಅದೇ ಕಷ್ಟ."

ಆಂಟಿ ಅಡುಗೆಮನೆಯಿಂದ ಈಚೆಗೆ ಬರಲಿಲ್ಲ. ನನಗೆ ಅತ್ತ ದರಿ, ಇತ್ತ ಪುಲಿ. ಹಸಿರನ್ನು ತೆಗೆದರೆ ಮತ್ತೆ ಹಾಕಲು ಬರುವುದಿಲ್ಲ, ಬಿಟ್ಟರೆ ಮುಂದೆ ಯಾರಾದರೂ ಬೇಕಾದರೆ ತೆಗೆಯಬಹುದು ಎಂದೆ. ಚಿತ್ರ ನಿಮ್ಮದು, ಕೆರೆಯಲೇಬೇಕೆಂದರೆ ಬೇರೆಯವರ ಹೆಸರು ಕೊಡುತ್ತೇನೆ, ನನ್ನ ಕೈಯಲ್ಲಿ ಆಗದು ಎಂದೂ ಹೇಳಿದೆ. ಕಣ್ಣು ಮಂಜಾಗುತ್ತಿದ್ದವರ ಎದುರು ಕೂತು, ಅವರು ಕಾಣಬಹುದಾಗಿದ್ದ ಒಂದೇ ಬಣ್ಣವನ್ನು ಇಲ್ಲ ಎನ್ನುತ್ತಿದ್ದೆ. ಅವರು ಎದ್ದು ರೂಮಿಗೆ ಹೋದರು. ನಾನು ಕಾಫಿ ಕುಡಿಯದೆ ವಾಪಸ್ ಬಂದೆ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಆಪರೇಷನ್ ಬೇಡ ಅಂತ ಸರ್ಜನ್ನೇ ಹೇಳಿದ್ಮೇಲೆ ಪೇಷೆಂಟ್ ಸುಮ್ಮನಿರಬೇಕು. ಬಿಡು ಹಾಗೇ. ಆದ್ರೆ ನಂಗೆ ಸಿಟ್ಟು ಹೋಗಿಲ್ಲ" ಎಂದು ಇಟ್ಟರು.

ಆಮೇಲಿನದು ನಿಧಾನದ ಕೆಲಸ. ವಾರ್ನಿಷನ್ನು ಅಂಗೈಯಗಲ ಅಂಗೈಯಗಲವಾಗಿ, ಮೃದುವಾದ ಜೆಲ್ ಹಚ್ಚಿ, ಒರೆಸಿ ತೆಗೆದೆ. ಮುತ್ತುಗಳು ಮೊದಲು ಬೆಳಗಿದವು, ಆಮೇಲೆ ಸ್ಯಾಟಿನ್, ಕೊನೆಗೆ ಹಸಿರು. ಬದನೆಕಾಯಿಯ ಸಿಪ್ಪೆ ಹೋಗಿ ಜೀವವಿರುವ ಬಟ್ಟೆಯಾಯಿತು. ನಾನೇ ತೆರೆದ ಕಿಟಕಿ ಉಳಿದಿತ್ತು. ಅದನ್ನು ಹಾಗೇ ಬಿಡಿ, ಜನ ಇಷ್ಟಪಡುತ್ತಾರೆ ಎಂದು ಕ್ಯುರೇಟರ್ ಕೇಳಿಕೊಂಡರು. ಒಪ್ಪಲಿಲ್ಲ. ಮೈಮೇಲಿನ ಬಟ್ಟೆಯಲ್ಲಿ ಎಲ್ಲರೂ ನೋಡುವಂತೆ ತೂತು ಬಿಡುವುದು ಸರಿಯೆನಿಸಲಿಲ್ಲ. ಕೆಂಪಿನ ಮೇಲೆ ಕಾಪಾಡುವ ಒಂದು ಪದರ ಹಚ್ಚಿ, ಅದರ ಮೇಲೆ ಯಾವಾಗ ಬೇಕಾದರೂ ಸುಲಭವಾಗಿ ತೆಗೆಯಬಲ್ಲ ಹಸಿರನ್ನು, ತುದಿಯಲ್ಲಿ ಸಣ್ಣ ಕೊಕ್ಕೆ ಹೊಡೆದು, ತುಂಬಿದೆ. ಚಿತ್ರ ಪೋಸ್ಟರಿಗೆ ಹೋಗಲಿಲ್ಲ. ಒಳಗಿನ ಸಣ್ಣ ಕೋಣೆಯಲ್ಲಿ, ಎಕ್ಸ್‌ರೇಯ ಒಂದು ಪ್ರತಿಯ ಪಕ್ಕ ಅದಕ್ಕೆ ಜಾಗ ಸಿಕ್ಕಿತು.

ಪ್ರದರ್ಶನಕ್ಕೆ ಇಬ್ಬರನ್ನೂ ನಾನೇ ಲಾಸ್ ಏಂಜಲೀಸಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅಂಕಲ್ ಟ್ರಾಫಿಕ್ಕನ್ನು ಬೈದರು, ಚಿತ್ರದ ಮಾತೆತ್ತಲಿಲ್ಲ. ಕೋಣೆಯೊಳಗೆ ಬೆಳಕು ಮಂದವಾಗಿತ್ತು. ಹಳೆಯ ಬಟ್ಟೆಗಳಿರುವ ಕಡೆ ಹಾಗೇ ಇಡಬೇಕಾಗುತ್ತದೆ. ಅದನ್ನು ನಾನು ಯೋಚಿಸಿರಲಿಲ್ಲ. ಅಂಕಲ್ ಚಿತ್ರದ ಮುಂದೆ ನಿಂತು ತಲೆಯನ್ನು ಎಡಕ್ಕೆ ಓರೆ ಮಾಡಿದರು, ಬಲಕ್ಕೆ ಮಾಡಿದರು. ಒಂದು ಹೆಜ್ಜೆ ಮುಂದೆ ಹೋದರು, ಕಾವಲಿನವಳು ಕೆಮ್ಮಿದಳು, ಹಿಂದೆ ಬಂದರು. ಕೆಂಪಾಗಿದ್ದರೆ ಕಾಣುತ್ತಿತ್ತೇನೋ.

"ಬಿಳಿ ಏನೋ ಇದೆ. ಸುತ್ತ ಕತ್ತಲೆ" ಎಂದರು. ಸಿಟ್ಟಿರಲಿಲ್ಲ. "ಹೇಳು, ಏನು ಬಣ್ಣ ಬಂತು?"

"ಹಸಿರು ಅಂಕಲ್."

"ಹಸಿರು ಅಂದ್ರೆ? ಹಸಿರಲ್ಲಿ ನೂರೆಂಟು ಇದೆ."

ಬಣ್ಣದಲ್ಲೇ ಬದುಕುವ ನನಗೆ ಗೊತ್ತಿದ್ದ ಹೆಸರುಗಳೆಲ್ಲ ಡಬ್ಬಿಗಳ ಮೇಲಿನವು. ಆಂಟಿ ನನ್ನ ಕಡೆ ನೋಡಿ, ಗಂಡನ ಪಕ್ಕಕ್ಕೆ ಬಂದರು.

"ನಮ್ಮ ಆರತಕ್ಷತೆ ದಿನ ನಾನು ಉಟ್ಟಿದ್ನಲ್ಲ ಸೀರೆ, ಅದೇ ಹಸಿರು ರೀ."

"ಅದು ನೀಲಿ ಅಲ್ವಾ?"

"ನೀಲಿ!" ಆಂಟಿಯ ದನಿಗೆ ಕಾವಲಿನವಳು ಮತ್ತೆ ತಿರುಗಿದಳು. "ಆಗ ಎರಡು ಕಣ್ಣೂ ಚೆನ್ನಾಗಿತ್ತಲ್ಲ ನಿಮಗೆ! ಪಕ್ಕದಲ್ಲೇ ನಿಂತಿದ್ದೆ, ಮೂರು ಗಂಟೆ!"

ಮಾಸ್ಕಿನೊಳಗೆ ನನಗೆ ನಗು ತಡೆಯಲಾಗಲಿಲ್ಲ. ಅಂಕಲ್ ನಗಲಿಲ್ಲ. ಏನೋ ಲೆಕ್ಕ ತಪ್ಪಿದವರಂತೆ ಆಂಟಿಯ ಕಡೆ ತಿರುಗಿದರು. ಆಮೇಲೆ ಆಂಟಿಯ ತೋಳು ಹಿಡಿದುಕೊಂಡರು.

"ಆಯ್ತು. ಈಗ ನೋಡ್ತೀನಿ. ನೀನು ಹೇಳು. ತಲೆಯಿಂದ ಶುರು ಮಾಡು, ನಿಧಾನಕ್ಕೆ."

ಆಂಟಿ ಮುತ್ತಿನ ಮುಡಿಯಿಂದ ಶುರುಮಾಡಿದರು. ಮುಸುಕು, ಹಣೆ, ಕುತ್ತಿಗೆ, ಮಹಾರಾಣಿಯ ಬಿಲ್ಲೆ, ಒಂದನ್ನೂ ಬಿಡಲಿಲ್ಲ. ಹಸಿರು ತೋಳಿಗೆ ಬರುವ ಹೊತ್ತಿಗೆ ಹಿಂದೆ ನಾಲ್ಕು ಜನ ಸೇರಿದ್ದರು, ಒಂದಕ್ಷರ ಕನ್ನಡ ಬಾರದವರು. ಅವರಲ್ಲಿ ಯಾರೂ ಸ್ವಲ್ಪ ಜಾಗ ಬಿಡಿ ಎನ್ನಲಿಲ್ಲ.